ಅಣ್ಣನಿಗೆ ಎರಡು ಪಾಲು, ಅಮ್ಮನ ಖರ್ಚು ನನಗೆ: ಇದು ಸಮಾನತೆಯಾ?

ಪ್ರಶ್ನೆ: ನಾನು ಉದ್ಯೋಗದಲ್ಲಿದ್ದೇನೆ. ಮನೆ ಖರ್ಚಿನ ಅರ್ಧಕ್ಕಿಂತ ಜಾಸ್ತಿ ನನ್ನ ಸಂಬಳದಿಂದಲೇ ಹೋಗುತ್ತದೆ. ತಂದೆ ತೀರಿಕೊಂಡ ಮೇಲೆ ಆಸ್ತಿ ಹಂಚಿದರು. ಶರೀಅತ್ ಪ್ರಕಾರ ಅಣ್ಣನಿಗೆ ಎರಡು ಪಾಲು, ನನಗೆ ಒಂದು. ಆದರೆ ತಾಯಿ ಇರುವುದು ನನ್ನ ಜೊತೆ. ಅವರ ಔಷಧಿಗೂ ಅಣ್ಣ ಕೈ ಹಾಕುವುದಿಲ್ಲ. ಗಂಡನ ಹತ್ತಿರ ಏನಾದರೂ ವಾದಕ್ಕಿಳಿದರೆ "ಪುರುಷರು ಸ್ತ್ರೀಯರ ಮೇಲ್ವಿಚಾರಕರು ಅಂತ ಕುರ್‌ಆನಿನಲ್ಲೇ ಇದೆ" ಎಂದು ಬಾಯಿ ಮುಚ್ಚಿಸುತ್ತಾರೆ. ಪ್ರವಚನಗಳಲ್ಲಿ ಮಾತ್ರ "ಇಸ್ಲಾಂ ಹೆಣ್ಣಿಗೆ ಸಮಾನತೆ ಕೊಟ್ಟಿದೆ" ಎನ್ನುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ಪ್ರವಚನದವರು ಹೇಳುವುದು ಸುಳ್ಳಲ್ಲ. ಆದರೆ ಅರ್ಧ ಹೇಳಿ ನಿಲ್ಲಿಸುತ್ತಾರೆ. ನಿಮ್ಮ ಗಂಡ ಹೇಳುವುದೂ ಅರ್ಧವೇ, ಅದೂ ಒಂದೇ ವಚನದ ಅರ್ಧ. ಅಣ್ಣ ಪಾಲಿಸಿದ್ದೂ ಅರ್ಧ ಶರೀಅತ್.

ಮೊದಲು ತಕರಾರಿಲ್ಲದ ಮಾತು. ದೇವರ ಮುಂದೆ ಗಂಡು ಹೆಣ್ಣು ಸಮಾನರು. ಪ್ರವಾದಿ ಮುಹಮ್ಮದ್(ಸ)ರ ಪತ್ನಿ ಉಮ್ಮು ಸಲಮಾ ಒಮ್ಮೆ ನೇರವಾಗಿ ಕೇಳಿದರಂತೆ: ಕುರ್‌ಆನಿನಲ್ಲಿ ಗಂಡಸರ ಹೆಸರೇ ಬರುತ್ತದಲ್ಲ, ನಮ್ಮದೇಕೆ ಬರುವುದಿಲ್ಲ? ಅದರ ನಂತರ ಬಂದದ್ದು 33ನೇ ಅಧ್ಯಾಯದ 35ನೇ ವಚನ ಎಂದು ಹದೀಸ್ (ಪ್ರವಾದಿಯವರ ನುಡಿ ನಡೆಗಳ ವರದಿ) ಹೇಳುತ್ತದೆ. ಅದನ್ನು ಓದಿದರೆ ಉತ್ತರ ಎಷ್ಟು ಬಿಡಿಸಿ ಕೊಟ್ಟಿದ್ದಾರೆ ಅಂತ ಗೊತ್ತಾಗುತ್ತದೆ. ವಿಶ್ವಾಸಿ ಪುರುಷರು, ವಿಶ್ವಾಸಿ ಸ್ತ್ರೀಯರು. ಸತ್ಯವಂತ ಪುರುಷರು, ಸತ್ಯವಂತ ಸ್ತ್ರೀಯರು. ಹೀಗೆ ಹತ್ತು ಗುಣಗಳಿಗೂ ಎರಡೆರಡು ಸಲ ಹೆಸರು ಹೇಳಿ, ಕೊನೆಗೆ ಇಬ್ಬರಿಗೂ ಒಂದೇ ಪ್ರತಿಫಲ. 3:195ರಲ್ಲಿ (3ನೇ ಅಧ್ಯಾಯ, 195ನೇ ವಚನ) "ಗಂಡಾಗಲಿ ಹೆಣ್ಣಾಗಲಿ, ಯಾರ ಕರ್ಮವನ್ನೂ ವ್ಯರ್ಥ ಮಾಡುವುದಿಲ್ಲ" ಎಂಬ ಮಾತಿದೆ. ಸ್ವರ್ಗದ ತೋಟದ ಕಥೆಯಲ್ಲೂ ತಪ್ಪನ್ನು ಹೆಣ್ಣೊಬ್ಬಳ ತಲೆಗೆ ಕಟ್ಟಿಲ್ಲ. ಇಬ್ಬರೂ ಮೋಸ ಹೋದರು, ಇಬ್ಬರೂ ಕ್ಷಮೆ ಕೇಳಿದರು.

ಇಷ್ಟಕ್ಕೇ ನಿಲ್ಲಿಸಿದರೆ ಸುಲಭ. ಆದರೆ ನೀವು ಕೇಳಿದ್ದು ಸ್ವರ್ಗದ ಬಗ್ಗೆ ಅಲ್ಲ, ಮನೆಯ ಬಗ್ಗೆ. ಅಲ್ವಾ?

ಮನೆಯ ವಿಷಯದಲ್ಲಿ, ಕಾನೂನಿನ ವಿಷಯದಲ್ಲಿ, ಶರೀಅತ್ ಗಂಡು ಹೆಣ್ಣಿಗೆ ಒಂದೇ ಪಾತ್ರ ಕೊಟ್ಟಿಲ್ಲ. ಇದನ್ನು ಮುಚ್ಚಿಡಬೇಕಾಗಿಲ್ಲ. ಶಾಸ್ತ್ರೀಯ ಫಿಕ್‌ಹ್ (ವಿದ್ವಾಂಸರು ರೂಪಿಸಿದ ಇಸ್ಲಾಮೀ ಕಾನೂನುಶಾಸ್ತ್ರ) ಕಟ್ಟಿದ ಸಂಸಾರ ಒಂದು ಒಪ್ಪಂದದ ಮೇಲೆ ನಿಂತಿದೆ. ಗಂಡು ದುಡಿದು ಸಾಕಬೇಕು. ಅದಕ್ಕೆ ಪ್ರತಿಯಾಗಿ ಅವನಿಗೆ ಕೆಲವು ವಿಷಯಗಳಲ್ಲಿ ಹೆಚ್ಚಿನ ಅಧಿಕಾರ, ಹೆಚ್ಚಿನ ಪಾಲು. ಹೆಣ್ಣಿನ ಮೇಲೆ ಸಾಕುವ ಹೊಣೆ ಇಲ್ಲ, ಅವಳ ಸ್ವತ್ತು ಪೂರ್ತಿ ಅವಳದ್ದು. ಈ ಒಪ್ಪಂದ ಇವತ್ತಿನ ಕಣ್ಣಿಗೆ ಸಮಾನತೆ ಅಂತ ಕಾಣುವುದೋ ಇಲ್ಲವೋ, ಅದು ಬೇರೆ ಚರ್ಚೆ. ಆದರೆ ಅದರಲ್ಲಿ ಎರಡು ಬದಿ ಇದೆ. ನಿಮ್ಮ ಮನೆಯಲ್ಲಿ ನಡೆದಿರುವುದು ಏನೆಂದರೆ, ಗಂಡಸರು ತಮ್ಮ ಬದಿಯ ಹಕ್ಕನ್ನು ಇಟ್ಟುಕೊಂಡು ಹೊಣೆಯನ್ನು ನಿಮ್ಮ ಕಡೆ ತಳ್ಳಿದ್ದಾರೆ.

ಆಸ್ತಿಯಿಂದ ಶುರು ಮಾಡೋಣ. 4ನೇ ಅಧ್ಯಾಯದ 11ನೇ ವಚನದಲ್ಲಿ ಮಗನಿಗೆ ಇಬ್ಬರು ಹೆಣ್ಣುಮಕ್ಕಳಷ್ಟು ಪಾಲು ಎಂದಿದೆ. ಅದು ಬಂದ ಸಂದರ್ಭ ಗೊತ್ತಿರಲಿ. 625ರ ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀಅ್ ಎಂಬುವರು ಸತ್ತರು. ಆ ಕಾಲದ ಅರೇಬಿಯಾದಲ್ಲಿ ಹೆಣ್ಣಿಗೆ ಆಸ್ತಿಯಲ್ಲಿ ಪಾಲು ಕೊಡುವ ರೂಢಿ ಇರಲಿಲ್ಲ. ಆಯುಧ ಹಿಡಿದು ಕಾದಾಡಬಲ್ಲವನಿಗೆ ಆಸ್ತಿ. ಹಾಗಾಗಿ ಸಅದರ ಸಹೋದರ ಎಲ್ಲವನ್ನೂ ಎತ್ತಿಕೊಂಡ. ವಿಧವೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿಯವರ ಬಳಿಗೆ ಬಂದರು. "ಇವರ ತಂದೆ ನಿಮ್ಮ ಜೊತೆ ಉಹುದ್‌ನಲ್ಲಿ ಸತ್ತರು. ಚಿಕ್ಕಪ್ಪ ಎಲ್ಲ ತೆಗೆದುಕೊಂಡ. ಇವರಿಗೆ ಏನೂ ಉಳಿದಿಲ್ಲ" ಎಂದರು. ಆಮೇಲೆ ಪಾಲಿನ ವಚನ ಬಂತು. ಪ್ರವಾದಿಯವರು ಆ ಚಿಕ್ಕಪ್ಪನಿಗೆ ಹೇಳಿ ಕಳಿಸಿದರು: ಹೆಣ್ಣುಮಕ್ಕಳಿಗೆ ಮೂರನೇ ಎರಡು ಭಾಗ, ಅವರ ತಾಯಿಗೆ ಎಂಟನೇ ಒಂದು ಭಾಗ ಕೊಡು, ಉಳಿದದ್ದು ನಿನ್ನದು. ಅಂದರೆ ಈ ವಚನ ಹುಟ್ಟಿದ್ದೇ ಗಂಡಸೊಬ್ಬನ ಕೈಯಿಂದ ಆಸ್ತಿ ಬಿಡಿಸಿ ಹೆಣ್ಣಿಗೆ ಕೊಡಿಸುವುದಕ್ಕೆ.

"ಹಾಗಾದರೂ ನನಗೆ ಅರ್ಧವೇ ತಾನೆ" ಅಂತೀರಿ. ಹೌದು. ಕೆಲವರು ಇಲ್ಲಿ ಓಡಿ ಬಂದು, ಎಲ್ಲ ಕಡೆ ಅರ್ಧವಲ್ಲ, ಸತ್ತವನಿಗೆ ಮಗನಿದ್ದರೆ ತಂದೆ ತಾಯಿಗೆ ಸಮವಾಗಿ ಆರನೇ ಒಂದು ಭಾಗ, ತಾಯಿಯ ಕಡೆಯ ಒಡಹುಟ್ಟಿದವರಿಗೆ ಸಮಪಾಲು ಎಂದು ಪಟ್ಟಿ ಕೊಡುತ್ತಾರೆ. ಅದೆಲ್ಲ ನಿಜ. ಆದರೆ ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ. ಅಣ್ಣ ತಂಗಿಯ ನಡುವೆ ಎರಡಕ್ಕೆ ಒಂದು, ಅಷ್ಟೇ.

ಇದಕ್ಕೆ ವಿದ್ವಾಂಸರು ಕೊಡುವ ಕಾರಣ ಹೀಗೆ. ಅಣ್ಣನ ಪಾಲಿನ ಮೇಲೆ ಬೇರೆಯವರ ಹಕ್ಕು ಇರುತ್ತದೆ: ಹೆಂಡತಿಗೆ ಮಹ್ರ್ (ಮದುವೆಯಲ್ಲಿ ಗಂಡ ಕೊಡಬೇಕಾದ ವಧುಧನ) ಕೊಡಬೇಕು, ಹೆಂಡತಿ ಮಕ್ಕಳನ್ನು ಸಾಕಬೇಕು, ದಿಕ್ಕಿಲ್ಲದ ಬಂಧುಗಳನ್ನು ನೋಡಬೇಕು. ತಂಗಿಯ ಪಾಲಿನ ಮೇಲೆ ಅಂಥ ಹೊರೆ ಇಲ್ಲ. ಕಾರಣ ಸರಿಯೇ, ಆದರೆ ಇದನ್ನು ಹೇಳುವವರು ಮುಂದಿನ ಪ್ರಶ್ನೆಗೂ ಉತ್ತರ ಕೊಡಬೇಕು. ಅಣ್ಣ ಆ ಹೊಣೆ ಹೊರದಿದ್ದರೆ?

ನಿಮ್ಮ ಅಣ್ಣನಿಗೆ ನೀವು ಕೇಳಬೇಕಾದ ಲೆಕ್ಕ ಇಲ್ಲಿದೆ. ನಿಮ್ಮ ಪತ್ರದಲ್ಲಿ ಇರುವುದು "ಅಣ್ಣನಿಗೆ ಎರಡು, ನನಗೆ ಒಂದು" ಅಂತ ಮಾತ್ರ. ತಾಯಿಯ ಪಾಲು ಎಲ್ಲಿ ಹೋಯಿತು? ಮಕ್ಕಳಿರುವಾಗ ವಿಧವೆಗೆ ಎಂಟನೇ ಒಂದು ಭಾಗ. ಅಜ್ಜ ಅಜ್ಜಿ ಬದುಕಿಲ್ಲ, ಮಕ್ಕಳು ನೀವಿಬ್ಬರೇ ಅಂದುಕೊಂಡರೆ ಆಸ್ತಿಯನ್ನು 24 ಭಾಗ ಮಾಡಬೇಕು. ತಾಯಿಗೆ 3, ಅಣ್ಣನಿಗೆ 14, ನಿಮಗೆ 7. ಅದಕ್ಕೂ ಮೊದಲು ತಂದೆಯ ಸಾಲ ತೀರಿಸಬೇಕು. ತಾಯಿಗೆ ಕೊಡದೆ ಉಳಿಸಿಕೊಂಡ ಮಹ್ರ್ ಇದ್ದರೆ ಅದೂ ಸಾಲವೇ. ಹಂಚಿಕೆಗಿಂತ ಮುಂಚೆ ಅದು ತಾಯಿಯ ಕೈಗೆ ಹೋಗಬೇಕು. ಶರೀಅತ್ ಪ್ರಕಾರ ಹಂಚಿದೆವು ಎನ್ನುವ ಎಷ್ಟೋ ಮನೆಗಳಲ್ಲಿ ವಿಧವೆಯ ಪಾಲು, ಮಹ್ರ್ ಬಾಕಿ ಎರಡನ್ನೂ ಸುಮ್ನೆ ಹಾರಿಸಿಬಿಡುತ್ತಾರೆ. ಮಗಳ ಅರ್ಧ ಪಾಲು ಮಾತ್ರ ಎಲ್ಲರಿಗೂ ಬಾಯಿಪಾಠ.

ತಾಯಿಯನ್ನು ಸಾಕುವ ವಿಷಯ. ಸ್ವಂತ ಅನುಕೂಲವಿಲ್ಲದ ತಂದೆ ತಾಯಿಯನ್ನು ನೋಡಿಕೊಳ್ಳುವುದು ಅನುಕೂಲವಿರುವ ಮಕ್ಕಳ ಮೇಲೆ ಕಡ್ಡಾಯ. ಇದು ಔದಾರ್ಯವಲ್ಲ, ಬಾಧ್ಯತೆ. ಅದನ್ನು ಹೇಗೆ ಹಂಚಬೇಕು ಎಂಬುದರಲ್ಲಿ ಮದ್‌ಹಬ್‌ಗಳ (ಫಿಕ್‌ಹ್ ಪಂಥಗಳ) ನಡುವೆ ಭಿನ್ನಾಭಿಪ್ರಾಯ ಇದೆ. ಹನಫೀ ಮದ್‌ಹಬ್‌ನ ಪ್ರಬಲ ಅಭಿಪ್ರಾಯದಲ್ಲಿ ಮಗ ಮಗಳು ಇಬ್ಬರ ಮೇಲೂ ಸಮ. ಹಂಬಲೀ ಮದ್‌ಹಬ್‌ನಲ್ಲಿ ಆಸ್ತಿಯ ಪಾಲು ಹೇಗೋ ಹೊಣೆಯೂ ಹಾಗೇ: ಅಣ್ಣನದು ಎರಡು, ನಿಮ್ಮದು ಒಂದು. ನನಗೆ ಎರಡನೆಯದೇ ನ್ಯಾಯವಾಗಿ ಕಾಣುತ್ತದೆ. ಎರಡು ಪಾಲು ತೆಗೆದುಕೊಂಡವನು ಎರಡು ಪಾಲು ಹೊರಲಿ. ಅದು ಹೋಗಲಿ, ಅಣ್ಣನ ಭಾಗ ಸೊನ್ನೆ ಎಂದು ಹೇಳುವ ಮದ್‌ಹಬ್ ಯಾವುದೂ ಇಲ್ಲ.

ಇನ್ನು ಗಂಡ ಹೇಳುವ ವಚನ. ಅದು 4:34. "ಪುರುಷರು ಸ್ತ್ರೀಯರ ಮೇಲ್ವಿಚಾರಕರು" ಎಂದು ಶುರುವಾಗುತ್ತದೆ. ಅಲ್ಲಿಗೇ ಮುಗಿಯುವುದಿಲ್ಲ. ಅದೇ ವಾಕ್ಯ ಎರಡು ಕಾರಣ ಕೊಡುತ್ತದೆ. ಒಂದು, ದೇವರು ಕೆಲವರಿಗೆ ಕೆಲವರಿಗಿಂತ ಹೆಚ್ಚು ಅನುಗ್ರಹಿಸಿರುವುದು. ಇನ್ನೊಂದು, ಪುರುಷರು ತಮ್ಮ ಸಂಪತ್ತಿನಿಂದ ಖರ್ಚು ಮಾಡುವುದು. ಮೊದಲ ಕಾರಣದ ಅರ್ಥ ಏನು ಎಂಬುದರ ಮೇಲೆ ಶತಮಾನಗಳಿಂದ ಚರ್ಚೆ ನಡೆದಿದೆ. ಎರಡನೆಯದರಲ್ಲಿ ಗೊಂದಲವೇ ಇಲ್ಲ.

13ನೇ ಶತಮಾನದಲ್ಲಿ ಕೊರ್ದೊಬಾದ ಇಮಾಮ್ ಕುರ್ತುಬಿ ಈ ವಚನಕ್ಕೆ ವ್ಯಾಖ್ಯಾನ ಬರೆದರು. ಅವರು ಮಾಲಿಕೀ ಮದ್‌ಹಬ್‌ನ ದೊಡ್ಡ ವಿದ್ವಾಂಸರು, ಆಧುನಿಕ ಸುಧಾರಕರಲ್ಲ. ಅವರು ಹೇಳುತ್ತಾರೆ: "ಖರ್ಚು ಮಾಡುವುದರಿಂದ" ಎಂಬ ಮಾತಿನಿಂದ ವಿದ್ವಾಂಸರು ಅರ್ಥ ಮಾಡಿಕೊಂಡದ್ದು ಏನೆಂದರೆ, ಗಂಡ ಹೆಂಡತಿಯನ್ನು ಸಾಕಲು ಆಗದೆ ಹೋದಾಗ ಅವನು ಅವಳ ಮೇಲ್ವಿಚಾರಕನಾಗಿ ಉಳಿಯುವುದಿಲ್ಲ, ಅವಳಿಗೆ ಮದುವೆ ರದ್ದು ಮಾಡಿಸಿಕೊಳ್ಳುವ ಹಕ್ಕು ಬರುತ್ತದೆ. ಇದು ಏಳುನೂರು ವರ್ಷಗಳಿಗಿಂತ ಹಳೆಯ ಮಾತು. ಮುಂದಿನ ಸಲ ವಚನ ಕೇಳಿಸಿದಾಗ ಪೂರ್ತಿ ಓದಿ ಎಂದು ಹೇಳಿ.

ನಿಮ್ಮ ಸಂಬಳ ನಿಮ್ಮದು. ಮನೆಗೆ ಖರ್ಚು ಮಾಡುವ ಬಾಧ್ಯತೆ ನಿಮಗಿಲ್ಲ. ಮಾಡಿದರೆ ಅದು ನಿಮ್ಮ ಉಪಕಾರ. ಇಬ್ನು ಮಸ್‌ಊದ್ ಎಂಬ ಸಹಾಬಿಯ (ಪ್ರವಾದಿಯವರ ಒಡನಾಡಿಯ) ಹೆಂಡತಿ ಝೈನಬ್ ಅನುಕೂಲವಂತೆ, ಗಂಡ ಬಡವ. "ನಾನು ಗಂಡನಿಗೆ, ನಾನು ಸಾಕುತ್ತಿರುವ ಅನಾಥರಿಗೆ ದಾನ ಕೊಟ್ಟರೆ ನಡೆಯುತ್ತದಾ?" ಎಂದು ಅವರು ಕೇಳಿಸಿದರು. ಪ್ರವಾದಿಯವರು ಹೇಳಿದ್ದು: ನಡೆಯುತ್ತದೆ, ಎರಡು ಪುಣ್ಯ, ಬಂಧುತ್ವದ್ದೊಂದು, ದಾನದ್ದೊಂದು. ಗಮನಿಸಿ, ಹೆಂಡತಿಯ ದುಡ್ಡು ಮನೆಗೆ ಬಂದರೆ ಅದನ್ನು ದಾನ ಎಂದು ಲೆಕ್ಕ ಹಾಕಿದರು. ಇದಕ್ಕೆ ಅಪವಾದ ಹೇಳಿದವರು 11ನೇ ಶತಮಾನದ ಇಬ್ನು ಹಝ್ಮ್. ಗಂಡ ಕೈಲಾಗದವನಾಗಿ, ಹೆಂಡತಿ ಶ್ರೀಮಂತಳಾಗಿದ್ದರೆ ಅವಳೇ ಅವನನ್ನು ಸಾಕಬೇಕು ಎಂಬುದು ಅವರ ಅಭಿಪ್ರಾಯ. ಹೆಚ್ಚಿನವರು ಒಪ್ಪಲಿಲ್ಲ.

ದುಡ್ಡಿದ್ದೂ ಕೊಡದ ಗಂಡನ ವಿಷಯ ಇನ್ನೂ ಸರಳ. ಅಬೂ ಸುಫ್ಯಾನ್‌ರ ಹೆಂಡತಿ ಹಿಂದ್ ಪ್ರವಾದಿಯವರ ಬಳಿಗೆ ಬಂದು, ಗಂಡ ಜಿಪುಣ, ನನಗೂ ಮಕ್ಕಳಿಗೂ ಸಾಕಾಗುವಷ್ಟು ಕೊಡುವುದಿಲ್ಲ ಎಂದು ದೂರಿದರು. ಅವನಿಗೆ ಗೊತ್ತಿಲ್ಲದೆಯೇ, ನ್ಯಾಯವಾಗಿ ಎಷ್ಟು ಬೇಕೋ ಅಷ್ಟು ತೆಗೆದುಕೋ ಎಂಬ ಉತ್ತರ ಸಿಕ್ಕಿತು.

ಅಡುಗೆ, ಬಟ್ಟೆ, ಕಸ ಗುಡಿಸುವುದು ಹೆಣ್ಣಿನ ಕರ್ತವ್ಯ ಎನ್ನುವ ಮಾತನ್ನೂ ನೀವು ಕೇಳಿರುತ್ತೀರಿ. ಶಾಫಿಈ ಮತ್ತು ಹಂಬಲೀ ಫಿಕ್‌ಹ್ ಪ್ರಕಾರ ನಿಕಾಹ್ ಒಪ್ಪಂದದಿಂದ ಹೆಂಡತಿಯ ಮೇಲೆ ಆ ಕೆಲಸಗಳು ಬರುವುದಿಲ್ಲ. ಹನಫಿಗಳು ಅದನ್ನು ಧಾರ್ಮಿಕ ಹೊಣೆ ಎನ್ನುತ್ತಾರೆ, ಆದರೆ ಖಾಝಿ (ನ್ಯಾಯಾಧೀಶ) ಬಲವಂತ ಮಾಡುವ ಹಾಗಿಲ್ಲ. ಮಾಲಿಕಿಗಳು ಸ್ಥಿತಿಗತಿ ನೋಡುತ್ತಾರೆ. ಮನೆಯಲ್ಲಿದ್ದಾಗ ಪ್ರವಾದಿಯವರು ಏನು ಮಾಡುತ್ತಿದ್ದರು ಎಂದು ಅವರ ಪತ್ನಿ ಆಯಿಶಾರನ್ನು ಕೇಳಿದಾಗ, "ಮನೆಯವರ ಕೆಲಸ ಮಾಡುತ್ತಿದ್ದರು, ನಮಾಝ್ ಹೊತ್ತಾದಾಗ ಹೊರಡುತ್ತಿದ್ದರು" ಎಂದರು. ಅವರನ್ನು ಅನುಸರಿಸುತ್ತೇವೆ ಎನ್ನುವ ಗಂಡಸರಿಗೆ ಈ ಸುನ್ನತ್ (ಪ್ರವಾದಿಯವರ ನಡೆ) ಯಾಕೋ ನೆನಪಿಗೆ ಬರುವುದು ಕಡಿಮೆ.

ಬಾಯಿ ಮುಚ್ಚಿಸುವುದರ ಬಗ್ಗೆ ಒಂದು ಪ್ರಸಂಗ ಹೇಳಲೇಬೇಕು. ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿದೆ. ಬರೀರಾ ಎಂಬ ದಾಸಿ ಬಿಡುಗಡೆಯಾದಳು. ಅವಳ ಗಂಡ ಮುಗೀಸ್ ಇನ್ನೂ ದಾಸ. ಬಿಡುಗಡೆಯಾದ ಹೆಣ್ಣಿಗೆ ಆ ಮದುವೆಯಲ್ಲಿ ಉಳಿಯುವ, ಬಿಡುವ ಆಯ್ಕೆ ಇತ್ತು. ಬರೀರಾ ಬಿಟ್ಟಳು. ಮುಗೀಸ್ ಮದೀನಾದ ಬೀದಿಗಳಲ್ಲಿ ಅಳುತ್ತ ಅವಳ ಹಿಂದೆ ಅಲೆದ, ಗಡ್ಡವೆಲ್ಲ ಕಣ್ಣೀರು. ಪ್ರವಾದಿಯವರಿಗೇ ಕರುಣೆ ಬಂತು. "ಅವನ ಬಳಿಗೆ ಮರಳಿ ಹೋಗಬಾರದೇ?" ಎಂದು ಬರೀರಾಳನ್ನು ಕೇಳಿದರು. ಅವಳು ಕೇಳಿದ ಮರುಪ್ರಶ್ನೆ: "ಇದು ನಿಮ್ಮ ಆಜ್ಞೆಯಾ?" ಅಲ್ಲ, ಬರೀ ಶಿಫಾರಸು ಎಂದರು. "ಹಾಗಾದರೆ ನನಗೆ ಅವನು ಬೇಡ" ಎಂದಳು. ಮಾತು ಮುಗಿಯಿತು. ನಿನ್ನೆ ಮೊನ್ನೆವರೆಗೆ ದಾಸಿಯಾಗಿದ್ದವಳು ಪ್ರವಾದಿಯ ಶಿಫಾರಸನ್ನೇ ನಿರಾಕರಿಸಿದಳು. ಯಾರೂ ಅವಳಿಗೆ ವಚನ ಹೇಳಿ ಬಾಯಿ ಮುಚ್ಚಿಸಲಿಲ್ಲ. ಸಂಸಾರದಲ್ಲಿ ಸಮಾಲೋಚನೆ ಬೇಕು ಎಂದು ಕುರ್‌ಆನ್ ಕೂಡ ಹೇಳುತ್ತದೆ. ಮಗುವಿಗೆ ಹಾಲು ಬಿಡಿಸುವ ತೀರ್ಮಾನವನ್ನೂ ಇಬ್ಬರೂ ಕೂತು ಮಾತಾಡಿ, ಒಪ್ಪಿ ಮಾಡಬೇಕೆಂದು 2:233ರಲ್ಲಿದೆ.

4:34ರ ಮುಂದಿನ ಭಾಗದಲ್ಲಿ ಹೊಡೆಯುವ ಪ್ರಸ್ತಾಪ ಇರುವುದು ನಿಮಗೆ ಗೊತ್ತಿರಬಹುದು. ನೀವು ಕೇಳಿಲ್ಲ, ಆದರೂ ಬಿಟ್ಟರೆ ತಪ್ಪಾಗುತ್ತದೆ. ಹಿಂದಿನ ಹೆಚ್ಚಿನ ಫಿಕ್‌ಹ್ ವಿದ್ವಾಂಸರು ಅದನ್ನು ಗಾಯವಾಗಬಾರದು, ಮುಖಕ್ಕೆ ತಾಗಬಾರದು ಎಂಬ ಕಟ್ಟುಗಳೊಂದಿಗೆ ಕೊನೆಯ ಹೆಜ್ಜೆ ಎಂದು ಒಪ್ಪಿದರು. ಆದರೆ 8ನೇ ಶತಮಾನದ ಆರಂಭದಲ್ಲೇ ಮಕ್ಕಾದ ಮುಫ್ತಿ ಅತಾ ಬಿನ್ ಅಬೀ ರಬಾಹ್, ಮಾತು ಕೇಳದಿದ್ದರೂ ಹೊಡೆಯಬಾರದು, ಕೋಪ ತೋರಿಸಲಿ ಸಾಕು ಎಂದರು. ಪ್ರವಾದಿಯವರು ಯಾವ ಹೆಣ್ಣಿಗೂ, ಯಾವ ಸೇವಕನಿಗೂ ಕೈಯೆತ್ತಿ ಹೊಡೆದವರಲ್ಲ ಎಂದು ಆಯಿಶಾ ಹೇಳಿದ್ದು ಮುಸ್ಲಿಂ ಎಂಬ ಹದೀಸ್ ಸಂಗ್ರಹದಲ್ಲಿದೆ. ನನ್ನ ನಿಲುವು ಅತಾರ ಜೊತೆ.

ಈಗ ಅಸಮಾನವಾಗಿ ಇರುವುದನ್ನು ಅಸಮಾನ ಎಂದೇ ಹೇಳೋಣ. ಗಂಡ ತಲಾಕ್ ಹೇಳಬಲ್ಲ. ಹೆಂಡತಿ ಖುಲಾ (ತಾನು ಬಯಸಿ ಪಡೆಯುವ ವಿಚ್ಛೇದನ) ಕೇಳಬೇಕು, ಸಾಮಾನ್ಯವಾಗಿ ಮಹ್ರ್ ಮರಳಿಸಬೇಕು, ಹೆಚ್ಚಿನ ಮದ್‌ಹಬ್‌ಗಳಲ್ಲಿ ಗಂಡನ ಒಪ್ಪಿಗೆಯೂ ಬೇಕು. ಗಂಡಿಗೆ ನಾಲ್ಕರವರೆಗೆ ಮದುವೆಗೆ ಅನುಮತಿ ಇದೆ, ಹೆಣ್ಣಿಗಿಲ್ಲ. ಸಾಲಪತ್ರಕ್ಕೆ ಸಾಕ್ಷಿಯಾಗಿ ಒಬ್ಬ ಗಂಡಸಿನ ಜಾಗದಲ್ಲಿ ಇಬ್ಬರು ಹೆಂಗಸರು. ಇವಕ್ಕೆಲ್ಲ ಮಿತಿಗಳಿವೆ. ನ್ಯಾಯ ಪಾಲಿಸಲಾರಿರಿ ಎಂಬ ಭಯವಿದ್ದರೆ ಒಬ್ಬಳೇ ಸಾಕು ಎಂದು 4:3 ಹೇಳುತ್ತದೆ. ಹೆಂಡತಿ ಮೇಲೆ ಗಂಡ ವ್ಯಭಿಚಾರದ ಆರೋಪ ಹೊರಿಸಿದರೆ ಅವಳ ಪ್ರಮಾಣ ಗಂಡನ ಪ್ರಮಾಣದಷ್ಟೇ ತೂಕದ್ದು, ಅದು ಅವಳನ್ನು ಶಿಕ್ಷೆಯಿಂದ ಬಿಡಿಸುತ್ತದೆ (24:6ರಿಂದ 9). ಹದೀಸ್ ವರದಿಯಲ್ಲಿ ಒಬ್ಬ ಹೆಣ್ಣಿನ ಮಾತು ಒಬ್ಬ ಗಂಡಿನ ಮಾತಿಗೆ ಸಮ. ಇಲ್ಲದಿದ್ದರೆ ಆಯಿಶಾರ ಎರಡು ಸಾವಿರಕ್ಕೂ ಹೆಚ್ಚು ವರದಿಗಳ ಗತಿ ಏನಾಗುತ್ತಿತ್ತು! 11ನೇ ಶತಮಾನದಲ್ಲಿ ಮಕ್ಕಾದಲ್ಲಿ ಕರೀಮಾ ಅಲ್ ಮರ್ವಝಿಯ್ಯಾ ಎಂಬ ವಿದ್ವಾಂಸೆಯ ಮುಂದೆ ಕೂತು ದೊಡ್ಡ ದೊಡ್ಡ ಗಂಡಸರು ಬುಖಾರಿ ಪಾಠ ಕಲಿತರು. ಇಷ್ಟೆಲ್ಲ ಇದ್ದರೂ ಮೇಲಿನ ವ್ಯತ್ಯಾಸಗಳು ಮಾಯವಾಗುವುದಿಲ್ಲ.

ಆಧುನಿಕ ಕಾಲದಲ್ಲಿ ಮುಸ್ಲಿಂ ದೇಶಗಳೇ ಇವುಗಳ ಮೇಲೆ ಕೈಯಾಡಿಸಿವೆ. ಟ್ಯುನೀಶಿಯಾ 1956ರಲ್ಲಿ ಬಹುಪತ್ನಿತ್ವ ನಿಷೇಧಿಸಿತು. ಗಂಡನ ಒಪ್ಪಿಗೆ ಇಲ್ಲದೆ ಕೋರ್ಟಿನಲ್ಲಿ ಖುಲಾ ಪಡೆಯುವ ದಾರಿಯನ್ನು ಈಜಿಪ್ಟ್ 2000ದಲ್ಲಿ ತೆರೆಯಿತು. ಮೊರಾಕ್ಕೊ 2004ರಲ್ಲಿ ಕುಟುಂಬದ ಹೊಣೆ ಗಂಡ ಹೆಂಡತಿ ಇಬ್ಬರದ್ದೂ ಎಂದು ಬರೆಯಿತು. ಇನ್ನೊಂದು ಕಡೆ ಅಫ್ಘಾನಿಸ್ತಾನದಲ್ಲಿ ತಾಲಿಬಾನ್ 2022ರ ಡಿಸೆಂಬರಿನಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯ ಮುಚ್ಚಿದಾಗ, ಇದು ಶರೀಅತ್‌ಗೆ ವಿರುದ್ಧ ಎಂದು ಖಂಡಿಸಿದವರಲ್ಲಿ ಈಜಿಪ್ಟಿನ ಇಸ್ಲಾಮೀ ವಿದ್ಯಾಪೀಠ ಅಲ್ ಅಝ್‌ಹರ್‌ನ ಮುಖ್ಯ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಕೂಡ ಒಬ್ಬರು.

ಆದರೆ ಆಸ್ತಿ ಪಾಲಿಗೆ ಕೈ ಹಾಕುವುದು ಎಲ್ಲರಿಗೂ ಕಷ್ಟ. ಟ್ಯುನೀಶಿಯಾದ ತಾಹಿರ್ ಹದ್ದಾದ್ 1930ರಲ್ಲೇ ವಾದಿಸಿದರು: ಆ ಪಾಲು ಆ ಕಾಲದ ಸಂಸಾರಕ್ಕೆ ಹೊಂದುವಂತೆ ಕೊಟ್ಟದ್ದು, ಸಂಸಾರ ಬದಲಾದರೆ ಅದೂ ಬದಲಾಗಬಹುದು ಎಂದು. ಅವರ ದೇಶದಲ್ಲೇ 2018ರಲ್ಲಿ ಸಮಪಾಲಿನ ಮಸೂದೆಯನ್ನು ಸಚಿವ ಸಂಪುಟ ಒಪ್ಪಿತು, ಸಂಸತ್ತಿನಲ್ಲಿ ಪಾಸಾಗಲಿಲ್ಲ. ಸಂಪ್ರದಾಯದ ವಿದ್ವಾಂಸರು ಹೇಳುವುದು, ಇದು ಅಂಕಿ ಸಮೇತ ಸ್ಪಷ್ಟವಾಗಿ ಬಂದ ವಚನ, ದೇವರ ಮಿತಿ, ಮುಟ್ಟಬಾರದು. ವಚನದ ಅಂಕಿ ಬದಲಿಸುವ ವಾದ ನನಗೆ ಒಪ್ಪಿಗೆಯಿಲ್ಲ. ಆದರೆ ಆ ವಾದ ಹುಟ್ಟಿದ್ದು ಯಾಕೆ ಅಂತ ನನಗೆ ಗೊತ್ತು. ಅಣ್ಣಂದಿರು ಹೊಣೆ ಬಿಟ್ಟರು, ಪಾಲು ಬಿಡಲಿಲ್ಲ.

ಅಂಕಿ ಮುಟ್ಟದೆಯೂ ಮಾಡಬಹುದಾದ್ದು ಬೇಕಾದಷ್ಟಿದೆ. ತಂದೆ ತಾಯಿ ಬದುಕಿರುವಾಗಲೇ ಮಕ್ಕಳಿಗೆ ಉಡುಗೊರೆಯಾಗಿ ಕೊಡುವುದಾದರೆ ಮಗ ಮಗಳಿಗೆ ಸಮವಾಗಿ ಕೊಡಬೇಕು ಎಂಬುದು ಹೆಚ್ಚಿನ ಫಿಕ್‌ಹ್ ವಿದ್ವಾಂಸರ ಅಭಿಪ್ರಾಯ. ನುಅ್‌ಮಾನ್ ಎಂಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟು ಸಾಕ್ಷಿ ಹಾಕಿ ಎಂದು ಬಂದ ತಂದೆಗೆ, "ಎಲ್ಲ ಮಕ್ಕಳಿಗೂ ಹೀಗೇ ಕೊಟ್ಟೆಯಾ?" ಎಂದು ಪ್ರವಾದಿಯವರು ಕೇಳಿದ್ದು ಇದಕ್ಕೆ ಆಧಾರ. ಪಾಲು ಗೊತ್ತಾದ ಮೇಲೆ ವಾರಸುದಾರರು ಪರಸ್ಪರ ಒಪ್ಪಿ ತಮ್ಮದರಲ್ಲಿ ಬಿಟ್ಟುಕೊಡಬಹುದು. ನಿಮ್ಮ ಮಗಳ ಮದುವೆ ಬಂದಾಗ, ತಲಾಕ್ ಹಕ್ಕನ್ನು ಹೆಂಡತಿಗೂ ವಹಿಸುವ ಷರತ್ತನ್ನು ನಿಕಾಹ್ ಪತ್ರದಲ್ಲೇ ಬರೆಸಬಹುದು. ಇದು ಹೊಸ ಕಾಲದ ಕಂಡುಹಿಡಿತ ಅಲ್ಲ, ಹಳೆಯ ಫಿಕ್‌ಹ್‌ನಲ್ಲೇ ಇರುವ ದಾರಿ.

ಸದ್ಯಕ್ಕೆ ನೀವು ಮಾಡಬೇಕಾದ್ದು. ಅಣ್ಣನ ಜೊತೆ ಪಾಲಿನ ಜಗಳ ಮತ್ತೆ ಎತ್ತಬೇಡಿ, ಅದರಲ್ಲಿ ನೀವು ಗೆಲ್ಲುವುದಿಲ್ಲ. ತಾಯಿಯ ಎಂಟನೇ ಒಂದು ಭಾಗ, ಅವರ ಮಹ್ರ್ ಬಾಕಿ, ಅವರ ತಿಂಗಳ ಖರ್ಚು: ಈ ಮೂರನ್ನೇ ಎತ್ತಿ. ಖಾಝಿ ಅಥವಾ ನಂಬಿಕೆಯ ಆಲಿಮರೊಬ್ಬರನ್ನು (ಧಾರ್ಮಿಕ ವಿದ್ವಾಂಸರನ್ನು) ನಡುವೆ ಕೂರಿಸಿ, ತಾಯಿಯ ಹೆಸರಿನಲ್ಲೇ ಕೇಳಿ. ಗಂಡನ ಜೊತೆ ಮಾತು ಬೇರೆ ಬಗೆಯದ್ದು. ನೀವು ಮನೆಗೆ ಹಾಕುತ್ತಿರುವುದು ಉಪಕಾರವೋ ಸಾಲವೋ ಎಂದು ಇಬ್ಬರೂ ಸೇರಿ ತೀರ್ಮಾನಿಸಿ, ಸಾಲ ಅಂತಾದರೆ ಬರೆದಿಡಿ. ಬಾಯಿಮಾತಿನಲ್ಲಿ ಬಿಟ್ಟರೆ ಹನಫೀ ಫಿಕ್‌ಹ್ ಪ್ರಕಾರ ಕಳೆದ ತಿಂಗಳುಗಳ ಜೀವನಾಂಶವನ್ನು ಆಮೇಲೆ ಕೇಳುವುದು ಕಷ್ಟ. ಒಪ್ಪಂದವೋ ಕೋರ್ಟಿನ ಆದೇಶವೋ ಇರಬೇಕಾಗುತ್ತದೆ. ಶಾಫಿಈ ಮದ್‌ಹಬ್‌ನಲ್ಲಿ ಅದು ಹಾಗೇ ಸಾಲವಾಗಿ ಉಳಿಯುತ್ತದೆ. ನೀವು ಯಾವ ಮದ್‌ಹಬ್‌ನವರು ಎಂದು ಪತ್ರದಲ್ಲಿ ಬರೆದಿಲ್ಲ, ಹಾಗಾಗಿ ಎರಡನ್ನೂ ಹೇಳಿದ್ದೇನೆ.